ಅಗಸೆ ಎಣ್ಣೆ ಕುಡಿದ ಕೋವಿ

ಸೆಪ್ಟೆಂಬರ್ ೧೪, ಶನಿವಾರ

ನದಿ ಸಮುದ್ರ ಸೇರುವ ದುಮ್ಯಾತ್ ಪಟ್ಟಣದ ಬಡಗಿಗಳ ಓಣಿಯಲ್ಲಿ, ನಾಲ್ಕು ಮಹಡಿಗಳ ಮೇಲೆ ಸ್ಥಾಪಿತವಾಗಿರುವ ತಾರಸಿ ಸಾಮ್ರಾಜ್ಯದ ಏಕೈಕ ಯುವರಾಜನೂ ಪಾರಿವಾಳ ಖಾತೆಯ ಮಂತ್ರಿಯೂ ಆದ ಶಹಾತ ಎಂಬ ನಾನು, ವಯಸ್ಸು ಹತ್ತೊಂಬತ್ತು, ಉದ್ಯೋಗ ಸದ್ಯಕ್ಕೆ ಇಲ್ಲ, ಈ ನೋಟುಬುಕ್ಕನ್ನು ರಾಜ್ಯದ ಗುಪ್ತ ದಾಖಲೆಯೆಂದು ಈ ಮೂಲಕ ಘೋಷಿಸುತ್ತೇನೆ. ಇದು ಅಪ್ಪನ ಅಳತೆ ಪುಸ್ತಕ. ಮೊದಲ ಆರು ಪುಟಗಳಲ್ಲಿ ಮಂಚದ ತಲೆಹಲಗೆಗಳ ಅಳತೆಗಳಿವೆ. ಉಳಿದದ್ದು ಖಾಲಿ. ಅಪ್ಪ ಇನ್ನು ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ರಾಜ್ಯದ ಸ್ಥಿತಿಗತಿ: ಓಣಿಯೆಲ್ಲ ಗೌರವದಿಂದ ಉಸ್ತಾ ದಸೂಕಿ ಎಂದು ಕರೆಯುವ ಕೆತ್ತನೆಗಾರ, ಅಂದರೆ ನನ್ನ ಅಪ್ಪ, ಲಕ್ವ ಹೊಡೆದು ಮಲಗಿ ಇಂದಿಗೆ ನಲವತ್ತು ದಿನ. ಬಲಗೈ, ಬಲಗಾಲು, ಅರ್ಧ ಬಾಯಿ ರಾಜೀನಾಮೆ ಕೊಟ್ಟಿವೆ. ಮಾತಿನ ಖಜಾನೆಯಲ್ಲಿ ಉಳಿದಿರುವುದು ಒಂದೇ ಪದ. 'ಬಾ.' ಪಾರಿವಾಳಗಳನ್ನು ಇಳಿಸಿಕೊಳ್ಳಲು ಮೂವತ್ತು ವರ್ಷ ಕೂಗಿದ ಪದ. ನೀರು ಬೇಕಾದರೂ ಅದೇ, ಅಮ್ಮನನ್ನು ಬೈಯಬೇಕಾದರೂ ಅದೇ. ಅಮ್ಮ ಹೇಳುತ್ತಾಳೆ, "ಬೈಗುಳದ ಬಾ ಬೇರೆ, ನೀರಿನ ಬಾ ಬೇರೆ. ನಂಗೆ ಗೊತ್ತಾಗತ್ತೆ."

ಡಾಕ್ಟರು ಹೇಳಿದ್ದು ಇಷ್ಟು: "ಕತ್ತು ಆಡಿಸ್ತಾ ಇರ್ಬೇಕು. ಕತ್ತು ನಿಂತ್ರೆ ನುಂಗೋದು ನಿಲ್ಲತ್ತೆ. ನುಂಗೋದು ನಿಂತ್ರೆ ನಾನೇನೂ ಹೇಳ್ಬೇಕಾಗಿಲ್ಲ."

ಅಪ್ಪ ಡಾಕ್ಟರಿಗಾಗಿ ಕತ್ತು ಆಡಿಸುವುದಿಲ್ಲ. ಅಮ್ಮನಿಗಾಗಿಯೂ ಇಲ್ಲ. ಪಾರಿವಾಳಗಳಿಗೆ ಮಾತ್ರ ಆಡಿಸುತ್ತಾನೆ. ಆದ್ದರಿಂದ ಪ್ರತಿ ಸಂಜೆಯ ನಮಾಜಿನ ಹೊತ್ತಿಗೆ ನಾನೂ ಗೆಳೆಯ ಹಿಂದಾವಿಯೂ ಅಪ್ಪನನ್ನು ಕುರ್ಚಿಸಮೇತ ತಾರಸಿಗೆ ಹೊರುತ್ತೇವೆ. ನಾನು ಗೂಡಿನ ಬಾಗಿಲು ತೆಗೆದು ಇಪ್ಪತ್ಮೂರು ಹಕ್ಕಿಗಳನ್ನು ಹಾರಿಸಿ, ಕೋಲಿಗೆ ಕಟ್ಟಿದ ಬಾವುಟ ಬೀಸುತ್ತೇನೆ. ಅವು ಸುತ್ತು ಹೊಡೆದಂತೆ ಅಪ್ಪನ ಕತ್ತು ಎಡಕ್ಕೆ, ಮೇಲಕ್ಕೆ, ಬಲಕ್ಕೆ. ಇಪ್ಪತ್ಮೂರು ಹಕ್ಕಿ ಅಂದರೆ ಅಪ್ಪನ ಕತ್ತು. ರಾಜ್ಯದ ಅರ್ಥಶಾಸ್ತ್ರ ಇಷ್ಟೇ ಸರಳ.

ಇಂದು ಸಮುದ್ರದ ಕಡೆಯಿಂದ ಗಿಡುಗ ಬಂತು. ಒಂದು ಬೂದುಬಣ್ಣದ ಹೆಣ್ಣನ್ನು ಗಾಳಿಯಲ್ಲೇ ಹಿಡಿದು ಹೋಯಿತು. ಅಪ್ಪ ಅದರ ಬೆನ್ನಿಗೆ "ಬಾ, ಬಾ" ಎನ್ನುತ್ತಲೇ ಇದ್ದ.

ಇಪ್ಪತ್ತೆರಡು.

ಸೆಪ್ಟೆಂಬರ್ ೧೬, ಸೋಮವಾರ

ರಕ್ಷಣಾ ಇಲಾಖೆಯ ಆದೇಶ ಒಂದು: ಸಾಮ್ರಾಜ್ಯವು ಇಂದಿನಿಂದ ಸಶಸ್ತ್ರವಾಗಿದೆ.

ನನ್ನ ಸೈಕಲ್ಲನ್ನು ಹಿಂದಾವಿಗೆ ಕೊಟ್ಟು ಅವನ ಗಾಳಿಕೋವಿ ತೆಗೆದುಕೊಂಡೆ. ಹಿಂದಾವಿ ಟುಕ್‌ಟುಕ್ ಆಟೋ ಓಡಿಸುವವನು. ಅವನಿಗೆ ಸೈಕಲ್ ಯಾಕೆ ಎಂದು ನಾನೂ ಕೇಳಲಿಲ್ಲ, ಇಂಥ ಕೋವಿ ನನಗೆ ಯಾಕೆ ಎಂದು ಅವನೂ ಕೇಳಲಿಲ್ಲ. ಕೋವಿ ಅತ್ಯಂತ ಅಗ್ಗದ ಜಾತಿಯದು. ನಳಿಗೆಯನ್ನು ಹಿಡಿದು ಮಧ್ಯಕ್ಕೆ ಮುರಿಯುವಂತೆ ಬಗ್ಗಿಸಬೇಕು. ಒಳಗಿನ ಸ್ಪ್ರಿಂಗ್ ಹಿಂದಕ್ಕೆ ಸರಿದು ಕಚ್ಚಿಕೊಳ್ಳುತ್ತದೆ. ಕಡಲೆಕಾಳಿಗಿಂತ ಚಿಕ್ಕ ಸೀಸದ ಗುಂಡು ಇಟ್ಟು, ನಳಿಗೆ ನೆಟ್ಟಗೆ ಮಾಡಿ, ಕುದುರೆ ಎಳೆದರೆ ಆಯಿತು. ಮರದ ಹಿಡಿ ಮರದ್ದೇ ಎಂಬುದಕ್ಕೆ ಸಾಕ್ಷಿಯಿಲ್ಲ. ನಳಿಗೆ ಅಜ್ಜನ ಹಲ್ಲಿನಂತೆ ಅಲ್ಲಾಡುತ್ತದೆ.

"ಇದ್ರಲ್ಲಿ ಏನಾದ್ರೂ ಸಾಯತ್ತಾ?" ಎಂದೆ.

"ಗುಬ್ಬಿ ಸಾಯತ್ತೆ. ಗುಬ್ಬಿಗೆ ಮೊದ್ಲೇ ಹುಷಾರಿಲ್ದಿದ್ರೆ," ಎಂದ ಹಿಂದಾವಿ. "ಪೊಲೀಸ್ನೋರ ಕಣ್ಣಿಗೆ ಬೀಳ್ಬೇಡ. ಬಿದ್ರೆ ನನ್ ಹೆಸ್ರು ಹೇಳ್ಬೇಡ. ಹೇಳಿದ್ರೆ ಸೈಕಲ್ ವಾಪಸ್ ಕೊಡಲ್ಲ."

ಸೆಪ್ಟೆಂಬರ್ ೧೯, ಗುರುವಾರ

ಯುದ್ಧಾಭ್ಯಾಸ ನಡೆಸಲಾಯಿತು. ಬ್ರೆಡ್ಡಿನ ಅಂಗಡಿಯ ತಾರಸಿಯ ಮೇಲೆ ಖಾಲಿ ಗ್ಯಾಸ್ ಸಿಲಿಂಡರ್ ಒಂದು ವರ್ಷದಿಂದ ಬಿದ್ದಿದೆ. ನಮ್ಮಲ್ಲಿ ಗ್ಯಾಸ್ ಮಾರುವವನು ಸ್ಪ್ಯಾನರ್‌ನಿಂದ ಸಿಲಿಂಡರ್ ಬಡಿಯುತ್ತ ಬರುತ್ತಾನೆ, ಆ ಟಣ್ ಟಣ್ ಕೇಳಿದರೆ ಹೆಂಗಸರು ಒಲೆಯ ಮೇಲಿನದ್ದನ್ನು ಬಿಟ್ಟು ಓಡುತ್ತಾರೆ. ನಾನು ಗೂಡಿನ ಮರೆಯಲ್ಲಿ ಕುಳಿತು ಒಂದಾದ ಮೇಲೊಂದು ಐದು ಗುಂಡು ಹೊಡೆದೆ. ಟಣ್. ಟಣ್. ಮೂರು ಕಟ್ಟಡಗಳಿಂದ ಹದಿನಾಲ್ಕು ಹೆಂಗಸರು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಓಣಿಗೆ ಇಳಿದರು. ಗಾಡಿ ಇಲ್ಲ, ಕತ್ತೆ ಇಲ್ಲ, ಗ್ಯಾಸಿನವನೂ ಇಲ್ಲ. ಅವರಲ್ಲಿ ಅಮ್ಮನೂ ಇದ್ದಳು.

ಅಪ್ಪನ ಅರ್ಧ ಬಾಯಿ ನಕ್ಕಿತು. ಎಂಜಲು ಒರೆಸಿದೆ. ನಲವತ್ತೈದು ದಿನಗಳಲ್ಲಿ ಮೊದಲ ನಗು. ಇತಿಹಾಸಕಾರರು ಗಮನಿಸಲಿ.

ಅಮ್ಮ ಮೇಲೆ ಬಂದು ಕೋವಿ ನೋಡಿ, "ನಿನ್ ಮನೆ ಹಾಳಾಗ," ಎಂದಳು.

"ಅದು ನಿನ್ ಮನೇನೂ ಹೌದಲ್ಲಮ್ಮ."

"ಅದಕ್ಕೇ ಹೇಳಿದ್ದು."

ಸೆಪ್ಟೆಂಬರ್ ೨೩, ಸೋಮವಾರ

ಗಿಡುಗ ಬಂತು. ಹೊಡೆದೆ. ಗುಂಡು ಅದರ ಹತ್ತಿರಕ್ಕೂ ಹೋಗಲಿಲ್ಲ, ಉಗುಳಿದ ಬೀಜದಂತೆ ಬಗ್ಗಿ ಓಣಿಗೆ ಬಿತ್ತು. ಗಿಡುಗ ನನ್ನನ್ನು ಒಮ್ಮೆ ನೋಡಿ, ಅವಮಾನವಾಗದಂತೆ ಮೆಲ್ಲಗೆ ಸಮುದ್ರದ ಕಡೆ ಹೊರಟುಹೋಯಿತು.

ಓಣಿಯ ಆಚೆ ಬದಿಯ ತಾರಸಿಯಿಂದ ಉಸ್ತಾ ಅರಫಾ ಎಲ್ಲ ನೋಡುತ್ತಿದ್ದ. ನಮಗೂ ಅವನಿಗೂ ಹನ್ನೊಂದು ವರ್ಷದಿಂದ ಯುದ್ಧ. ಮೊದಲು ಅವನೂ ಅಪ್ಪನೂ ಒಂದೇ ಮಂಚವನ್ನು ಹಂಚಿಕೊಂಡು ಕೆತ್ತುತ್ತಿದ್ದರು. ತಲೆಹಲಗೆಯ ಬಲಭಾಗದ ಬಳ್ಳಿ ಅಪ್ಪನದು, ಎಡಭಾಗದ ಬಳ್ಳಿ ಅವನದು. ನಾನು ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದೆ. ಆಮೇಲೆ ಅಪ್ಪನ ಒಂದು ಹಕ್ಕಿ ಅವನ ಗೂಡಿಗಿಳಿಯಿತು. ಸಂಧಿ ಇರುವ ಗೂಡುಗಳ ನಡುವೆ ಹಾಗೆ ಇಳಿದದ್ದನ್ನು ಕೈಯಲ್ಲಿ ಎತ್ತಿ ತೋರಿಸಿ, ಆಕಾಶಕ್ಕೆ ಬಿಡುತ್ತಾರೆ. ಯುದ್ಧವಿದ್ದರೆ ಕೈಯಲ್ಲಿ ಎತ್ತಿ ತೋರಿಸಿ, ಯಜಮಾನನ ಕಣ್ಣೆದುರೇ ಕತ್ತು ತಿರುಚುತ್ತಾರೆ. ಅವನು ಎತ್ತಿ ತೋರಿಸಿದ. ಬಿಡಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ತಮಾಷೆಯೆಂದರೆ ವ್ಯಾಪಾರಿಗಳು ಆಮೇಲೂ ಬಲಭಾಗ ಅಪ್ಪನಿಗೆ, ಎಡಭಾಗ ಅವನಿಗೆ ಕೊಡುತ್ತಲೇ ಇದ್ದರು. ಬೇರೆ ಬೇರೆ ಕಾರ್ಖಾನೆಗಳಲ್ಲಿ, ಮುಖ ನೋಡದ ಇಬ್ಬರು ಕೆತ್ತಿದ ಬಳ್ಳಿಗಳು ನಡುವಿನಲ್ಲಿ ಒಂದು ಕೂದಲೆಳೆಯೂ ತಪ್ಪದೆ ಕೂಡುತ್ತಿದ್ದವು.

ಆದೇಶ ಎರಡು: ಶಸ್ತ್ರಾಸ್ತ್ರಗಳ ಆಧುನೀಕರಣ.

ಸೆಪ್ಟೆಂಬರ್ ೨೭, ಶುಕ್ರವಾರ

ಅಪ್ಪನ ಮುಚ್ಚಿದ ಕಾರ್ಖಾನೆಯಲ್ಲಿ ಶಸ್ತ್ರಚಿಕಿತ್ಸೆ. ಹಿಂಬದಿಯ ಪಿನ್ನು ತೆಗೆದ ಕೂಡಲೇ ಸ್ಪ್ರಿಂಗ್ ಹಾರಿ ಹಿಂದಾವಿಯ ಕಿವಿಯ ಪಕ್ಕದಲ್ಲಿ ಹಾದು, ಗೋಡೆಯ ಮೇಲಿದ್ದ ಗಡಿಯಾರವನ್ನು ಸೇವೆಯಿಂದ ನಿವೃತ್ತಗೊಳಿಸಿತು.

"ಇನ್ನೊಂದ್ ಬೆರಳಷ್ಟು ಈ ಕಡೆ ಬಂದಿದ್ರೆ ನಮ್ಮಮ್ಮ ನಿಮ್ಮನೇಲಿ ಅಳ್ತಾ ಕೂತಿರ್ತಿದ್ಲು," ಎಂದ ಹಿಂದಾವಿ.

"ಚಹಾ ಕೊಡ್ತಿದ್ವಿ ಬಿಡು."

ಒಳಗೆ ಪಿಸ್ಟನ್. ಅದರ ತಲೆಗೆ ಚರ್ಮದ ವಾಷರ್, ಒಣಗಿ ಹಳೆಯ ಅಂಜೂರದಂತಾಗಿತ್ತು. ಗಾಳಿ ಅದರ ಸುತ್ತಲಿಂದಲೇ ಸೋರುತ್ತಿತ್ತು, ಅದೇ ರೋಗ. ನಮ್ಮ ಓಣಿಯಲ್ಲಿ ಒಣಗಿದ್ದಕ್ಕೆಲ್ಲ ಔಷಧಿ ಒಂದೇ: ಅಗಸೆ ಎಣ್ಣೆ. ಬಾಗಿಲಿಗೆ ಅದು, ಮೇಜಿಗೆ ಅದು, ಉಳಿಯ ಹಿಡಿಗೂ ಅದು. ವಾಷರನ್ನು ಅಪ್ಪನ ಎಣ್ಣೆ ಬಟ್ಟಲಲ್ಲಿ ಅರ್ಧ ದಿನ ನೆನೆಸಿದೆ, ಚೆನ್ನಾಗಿ ಉಬ್ಬಿತು. ಕೊಳವೆಯೊಳಗೂ ಒಂದಿಷ್ಟು ಸುರಿದೆ. ಜಿಪುಣತನ ಯಾಕೆ.

ತಾರಸಿಗೆ ಹೋಗಿ ಹೊಡೆದೆ. ಢಮ್. ಕೋವಿಯ ಬಾಯಿಂದ ಹೊಗೆ ಬಂತು. ಒಳಗಿನ ಎಣ್ಣೆಯೇ ಹೊತ್ತಿಕೊಂಡಿರಬೇಕು. ಗ್ಯಾಸ್ ಸಿಲಿಂಡರ್ ಟಣ್ ಎನ್ನಲಿಲ್ಲ, ಅದರಲ್ಲಿ ಗುಂಡಿ ಬಿತ್ತು. ಓಣಿಯ ನಾಯಿಗಳೆಲ್ಲ ಬೊಗಳಿದವು. ಪಾರಿವಾಳಗಳು ಗೂಡಿನಿಂದ ಒಮ್ಮೆಗೇ ಎದ್ದು, ಕತ್ತಲಾಗುವ ತನಕ ಸುತ್ತು ಹೊಡೆದವು. ಬಾವುಟ ಮಡಿಸಿ, ಶಿಳ್ಳೆ ಹಾಕಿ, ಅಪ್ಪ ಹತ್ತು ಸಲ "ಬಾ" ಎಂದ ಮೇಲೆ ಇಳಿದವು. ಅಪ್ಪನ ಕತ್ತಿಗೆ ಭರ್ಜರಿ ವ್ಯಾಯಾಮ.

ಎಣಿಸಿದೆ, ಇಪ್ಪತ್ತು. ಇನ್ನೆರಡನ್ನು ಗಿಡುಗ ತೆಗೆದುಕೊಂಡದ್ದು ನನಗೆ ಕಾಣಲಿಲ್ಲ. ಕತ್ತಲಲ್ಲಿ ಬಂದಿರಬೇಕು, ಹೇಡಿ.

ಅಕ್ಟೋಬರ್ ೧, ಮಂಗಳವಾರ

ಸೇನೆಗೆ ತಕ್ಕ ಸಮವಸ್ತ್ರ ಬೇಡವೇ? ಕೋವಿಯ ಹಳೆಯ ಹಿಡಿಯನ್ನು ಬಿಚ್ಚಿ, ಬೀಚ್ ಮರದ ತುಂಡಿನಲ್ಲಿ ಹೊಸದು ಮಾಡಿದೆ. ಮೂರು ದಿನ ಹಿಡಿಯಿತು. ಕೆನ್ನೆ ಊರುವ ಜಾಗಕ್ಕೆ ಸಣ್ಣ ಉಬ್ಬು, ಬೆರಳಿಗೆ ತಗ್ಗು. ಬದಿಯಲ್ಲಿ ಬಳ್ಳಿ ಕೆತ್ತಲು ಹೋದೆ. ಅಪ್ಪ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದವನು "ಬಾ" ಎಂದ. ನೀರು ತಂದೆ. "ಬಾ." ದಿಂಬು ಸರಿಮಾಡಿದೆ. "ಬಾ," ಇದು ಬೈಗುಳದ್ದು ಎಂದು ನನಗೂ ಗೊತ್ತಾಯಿತು. ಮರವನ್ನು ಅವನ ತೊಡೆಯ ಮೇಲಿಟ್ಟು ಎಡಗೈಗೆ ಪೆನ್ಸಿಲ್ ಕೊಟ್ಟೆ. ಅರ್ಧ ಗಂಟೆ ಹಿಡಿಯಿತು. ಬಳ್ಳಿಯ ತುದಿಯಲ್ಲಿ ಒಂದೇ ಒಂದು ಎಲೆ, ತುದಿ ಹೊರಕ್ಕೆ ಮಡಿಸಿದಂತೆ. ಗೆರೆ ನಡುಗಿತ್ತು, ಆದರೆ ಎಲೆ ಎಲೆಯಾಗಿಯೇ ಇತ್ತು. ಅದರ ಮೇಲೆ ಉಳಿ ಓಡಿಸುವಾಗ ನಾನು ಯಾವ ತಮಾಷೆಯನ್ನೂ ಮಾಡಲಿಲ್ಲ. ಸಮಯವಿರಲಿಲ್ಲ.

ಮರಕ್ಕೆ ಅಗಸೆ ಎಣ್ಣೆ ಹಚ್ಚಿದೆ. ಕೊಳವೆಗೂ ಮತ್ತೊಂದಿಷ್ಟು ಕುಡಿಸಿದೆ. ಗುರಿಕಣ್ಣನ್ನು ಹೊಸ ಶಕ್ತಿಗೆ ಸರಿಯಾಗಿ ಕೂರಿಸಲು ನಲವತ್ತು ಗುಂಡು ಹೊಡೆದೆ. ಈಗ ಇಪ್ಪತ್ತೈದು ಹೆಜ್ಜೆ ದೂರದ ಚಹಾ ಲೋಟದ ಅಂಚನ್ನು ಬೇಕಾದ ಕಡೆ ಒಡೆಯಬಲ್ಲೆ. ಅಮ್ಮನಿಗೆ ಲೋಟಗಳ ಸಂಖ್ಯೆ ತಿಳಿಸಿಲ್ಲ.

ಹತ್ತೊಂಬತ್ತು.

ಅಕ್ಟೋಬರ್ ೪, ಶುಕ್ರವಾರ

ಬ್ರೆಡ್ಡಿನ ಅಂಗಡಿಯ ಬೆಕ್ಕಿಗೆ ಹೊಡೆದೆ. ಪರೀಕ್ಷೆಗೆಂದು.

ಅಕ್ಟೋಬರ್ ೬, ಭಾನುವಾರ

ಹದಿನೈದು.

ಗಿಡುಗ ಕಣ್ಣಿಗೆ ಬೀಳದೆ ಎರಡು ವಾರವಾಗುತ್ತ ಬಂತು. ಜಾಣನಾಗಿದ್ದಾನೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುತ್ತಿರಬೇಕು. ಆದ್ದರಿಂದ ಹಕ್ಕಿಗಳು ಹಾರುವಾಗ ನಾನು ಸೂರ್ಯನ ಕಡೆಗೆ ಆಗಾಗ ಒಂದೊಂದು ಗುಂಡು ಹಾರಿಸುತ್ತೇನೆ, ಎಚ್ಚರಿಕೆಗೆ. ಢಮ್ ಎಂದಾಗ ಹಕ್ಕಿಗಳ ಗುಂಪು ಹರಿದ ಬಟ್ಟೆಯಂತೆ ಎರಡಾಗುತ್ತದೆ, ಮೂರಾಗುತ್ತದೆ. ಗಿಡುಗಕ್ಕೆ ಅಷ್ಟು ಹೆದರಿವೆ, ಪಾಪ.

ಹಿಂದಾವಿ, "ಬೆಕ್ಕು ಸತ್ತೋಯ್ತಂತೆ ಕಣೋ," ಎಂದ.

"ಯಾವ್ ಬೆಕ್ಕು?"

ಅವನು ನನ್ನ ಮುಖವನ್ನೇ ನೋಡಿದ. ಚಹಾ ಮುಗಿಸದೆ ಹೋದ.

ಅಕ್ಟೋಬರ್ ೧೦, ಗುರುವಾರ

ಹನ್ನೊಂದು.

ಅಪ್ಪನನ್ನು ಇಂದು ನಾನೂ ಅಮ್ಮನೂ ಹೊತ್ತೆವು. ಹಿಂದಾವಿ ಮೂರು ದಿನದಿಂದ ಬಂದಿಲ್ಲ. ಟುಕ್‌ಟುಕ್ ಕೆಟ್ಟಿದೆಯಂತೆ, ಓಣಿಯಲ್ಲಿ ಓಡುತ್ತಿರುವುದನ್ನು ನಾನೇ ನೋಡಿದೆ. ಹನ್ನೊಂದು ಹಕ್ಕಿಗಳು ಎತ್ತರದಲ್ಲಿ ಸಣ್ಣ ಚುಕ್ಕೆಗಳಾಗಿ ಸುತ್ತಿದವು. ಅಷ್ಟೆತ್ತರ ಅಪ್ಪನ ಕಣ್ಣಿಗೆ ಕಾಣುವುದಿಲ್ಲ. ಎರಡು ಸುತ್ತು ಹಿಂಬಾಲಿಸಿ, ಗದ್ದ ಎದೆಗೆ ಊರಿದ. ರಾತ್ರಿಯ ಸೂಪು ಅರ್ಧ ಬಟ್ಟಲು ಕತ್ತಿನ ಮೇಲೆ ಇಳಿಯಿತು. ಅಮ್ಮ ಬಟ್ಟೆಯಿಂದ ಒರೆಸುತ್ತ, "ನುಂಗು, ದಸೂಕಿ. ನಂಗೋಸ್ಕರ ಬೇಡ. ನುಂಗು ಅಷ್ಟೇ," ಎನ್ನುತ್ತಿದ್ದಳು.

"ಆ ಕೋವಿ ಸಾಕು ಮಾಡು," ಎಂದಳು ನನ್ನ ಕಡೆ ತಿರುಗದೆ.

"ಸಾಕು ಮಾಡಿದ್ರೆ ಇರೋ ಹನ್ನೊಂದೂ ಹೋಗತ್ತೆ."

"ಕೋವಿ ಬರೋಕ್ ಮುಂಚೆ ಇಪ್ಪತ್ತೆರಡಿತ್ತು."

ಹೆಂಗಸರಿಗೆ ಯುದ್ಧದ ಲೆಕ್ಕ ತಿಳಿಯುವುದಿಲ್ಲ.

ಅಕ್ಟೋಬರ್ ೧೩, ಭಾನುವಾರ

ಒಂಬತ್ತು. ಹೋದ ಎರಡರಲ್ಲಿ ಒಂದು ದಾಳಿಂಬೆ.

ದಾಳಿಂಬೆ ಅಪ್ಪನ ಹಕ್ಕಿ. ಎದೆ ಕೆಂಪಗೆ, ಉಳಿದದ್ದು ಬಿಳಿ. ಗುಂಪಿಗೆ ಮುಂದಾಳು. ಅದು ಇಳಿದರೆ ಉಳಿದವು ಇಳಿಯುತ್ತವೆ. ಅಪ್ಪನ ಕಣ್ಣು ಮೊದಲು ಹುಡುಕುವುದು ಅದನ್ನೇ. ಇಂದು ಹುಡುಕಿದ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ನನ್ನನ್ನು ನೋಡಿದ.

ಸಂಜೆ ಅರಫಾನ ತಾರಸಿಯಲ್ಲಿ, ಗೂಡಿನ ಬಲೆಯ ಹಿಂದೆ, ಕೆಂಪು ಎದೆಯೊಂದು ಕಂಡಿತು. ಆಗ ಎಲ್ಲ ಅರ್ಥವಾಯಿತು. ಗಿಡುಗವಲ್ಲ. ಇವನು. ಹಾಸಿಗೆ ಹಿಡಿದವನ ಹಕ್ಕಿಗಳನ್ನು ಒಂದೊಂದಾಗಿ ಹಿಡಿದಿದ್ದಾನೆ. ಎತ್ತಿ ತೋರಿಸುವ ಧೈರ್ಯವೂ ಇಲ್ಲದೆ ಬಚ್ಚಿಟ್ಟಿದ್ದಾನೆ.

ಗಿಡುಗಕ್ಕೆ ಹಸಿವಾದರೂ ಇರುತ್ತದೆ.

ಕೋವಿಯ ಸದ್ದು ಎರಡು ದಿನದಿಂದ ತಗ್ಗಿದೆ. ಹೊಗೆಯೂ ಇಲ್ಲ. ಹವೆ ತಂಪಾಯಿತಲ್ಲ, ಅದಕ್ಕಿರಬೇಕು.

ಅಕ್ಟೋಬರ್ ೧೪, ಸೋಮವಾರ

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಸಂಜೆಯ ನಮಾಜು ಮುಗಿದಿತ್ತು. ಅಪ್ಪನನ್ನು ತಾರಸಿಯಲ್ಲಿ ಕೂರಿಸಿದ್ದೆವು. ಅಮ್ಮ ಕೆಳಗೆ ಹೋಗಿದ್ದಳು. ನಾನು ಗೂಡಿನ ಪಕ್ಕ ಕೋವಿಗೆ ಗುಂಡು ತುಂಬಿಕೊಂಡು ನಿಂತಿದ್ದೆ. ಅರಫಾ ತನ್ನ ತಾರಸಿಯ ಅಂಚಿಗೆ ಬಂದ. ಶುಕ್ರವಾರ ಹಾಕುವ ಬಿಳಿ ಜುಬ್ಬಾ ಹಾಕಿದ್ದ. ಎರಡು ಕೈಯಲ್ಲಿ ದಾಳಿಂಬೆ. ಅಪ್ಪನ ಕಡೆಗೇ ನೋಡುತ್ತ, ಅದನ್ನು ತಲೆಯ ಮೇಲಕ್ಕೆ ಎತ್ತಿದ.

ಅಪ್ಪ "ಬಾ" ಎಂದ.

ಹನ್ನೊಂದು ವರ್ಷದ ಹಿಂದೆಯೂ ಹೀಗೇ ಎತ್ತಿದ್ದ. ಆಗ ನಾನು ಎಂಟು ವರ್ಷದವನು, ಆ ಕತ್ತು ತಿರುಚಿದ ಸದ್ದು ಓಣಿಯ ಈಚೆಗೆ ಕೇಳಿಸುವುದು ಸಾಧ್ಯವಿಲ್ಲ, ಆದರೆ ನನಗೆ ಕೇಳಿಸಿತ್ತು.

ಅವನ ಕೈಗಳಿಗಿಂತ ಒಂದು ಗೇಣು ಮೇಲೆ, ಅವನ ಬೆನ್ನ ಹಿಂದೆ ಆನಿಸಿಟ್ಟಿದ್ದ ಬಾವುಟದ ಕೋಲಿನ ತುದಿ ಇತ್ತು. ಅದಕ್ಕೆ ಗುರಿ ಇಟ್ಟೆ. ಅವನಿಗಲ್ಲ. ಕೋಲು ಸಿಡಿದರೆ ಬೆಚ್ಚಿ ಹಕ್ಕಿಯನ್ನು ಬಿಡುತ್ತಾನೆಂದು. ಚಹಾ ಲೋಟದ ಅಂಚು ಒಡೆದವನು ನಾನು. ಕೋಲಿನ ತುದಿಗೇ ಗುರಿ ಇಟ್ಟಿದ್ದೆ.

ಢಮ್ ಎನ್ನಲಿಲ್ಲ. ಕೆಮ್ಮಿದಂತಾಯಿತು.

ಹಕ್ಕಿ ಹಾರಿತು. ಅರಫಾ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕುಳಿತುಬಿಟ್ಟ. ಕಿರುಚಲಿಲ್ಲ. ಜುಬ್ಬಾದ ತೋಳು ಕೆಂಪಾಗುತ್ತ ಬಂತು. ಅವನ ಮಗಳು ವಿದಾದ್ ಓಡಿ ಬಂದು ನಮ್ಮ ಕಡೆ ನೋಡಿದಳು. ನನ್ನ ಕೈಯಲ್ಲಿ ಕೋವಿ ಇನ್ನೂ ಇತ್ತು.

ಅಪ್ಪ ಕಣ್ಣು ಮುಚ್ಚಿಕೊಂಡ.

ಅಕ್ಟೋಬರ್ ೧೫, ಮಂಗಳವಾರ

ಗುಂಡು ಹೆಬ್ಬೆರಳಿನ ಬುಡದಲ್ಲಿ ಹೊಕ್ಕಿತ್ತಂತೆ. ಹೊರತೆಗೆದರು. ಬೆರಳು ಮಡಿಸುವ ನರ ತುಂಡಾಗಿದೆ. ಆಸ್ಪತ್ರೆಗೆ ಪೊಲೀಸರು ಬಂದು ಕೇಳಿದಾಗ, "ಯಾರೋ ಹುಡುಗ್ರು, ಗುಬ್ಬಿ ಹೊಡೀತಿದ್ರು. ಮುಖ ನೋಡ್ಲಿಲ್ಲ," ಎಂದನಂತೆ. ಅಮ್ಮ ಹೋಗಿ ಬಂದು ಹೇಳಿದಳು. ನನಗಲ್ಲ, ಗೋಡೆಗೆ ಹೇಳಿದಳು.

ಅಕ್ಟೋಬರ್ ೨೦, ಭಾನುವಾರ

ಓಣಿ ದಾಟಿದೆ. ಹನ್ನೆರಡು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ವಿದಾದ್ ಬಾಗಿಲು ತೆಗೆದು ಒಳಗೆ ಹೋದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಚಿಕ್ಕಪ್ಪ ದಿವಾನದ ಮೇಲೆ ಕುಳಿತಿದ್ದ, ಕೈ ಬಿಳಿ ಬಟ್ಟೆಯ ಗಂಟು.

"ತಂದಿದೀಯಾ?" ಎಂದ.

ಕೋವಿ ತರಬೇಕೆಂದು ಅಮ್ಮನ ಹತ್ತಿರ ಹೇಳಿಕಳಿಸಿದ್ದ. ಗೋಣಿಯಿಂದ ತೆಗೆದು ಅವನ ಮುಂದಿಟ್ಟೆ. ಎಡಗೈಯಿಂದ ಮರದ ಮೇಲೆ ಸವರಿದ. ಬಳ್ಳಿಯ ತುದಿಗೆ ಬಂದಾಗ ಬೆರಳು ನಿಂತಿತು.

"ಈ ಎಲೆ ದಸೂಕಿದು. ಉಳಿದಿದ್ದು ನಿಂದು."

"ಹೌದು."

"ನಿಂದು ಚೆನ್ನಾಗಿಲ್ಲ."

"ಇಲ್ಲ ಚಿಕ್ಕಪ್ಪ."

ನಳಿಗೆ ಬಗ್ಗಿಸಲು ಹೇಳಿದ. ಬಗ್ಗಿಸಿದೆ. ಮೂಗು ಹತ್ತಿರ ತಂದು ಮೂಸಿದ. "ಅಗಸೆ ಎಣ್ಣೆ?"

ತಲೆಯಾಡಿಸಿದೆ.

"ಬಡಗಿ ಮಗ ನೀನು. ಅಗಸೆ ಎಣ್ಣೆ ಮೊದ್ಲು ಹರಿಯತ್ತೆ, ಆಮೇಲೆ ಅಂಟಾಗತ್ತೆ, ಆಮೇಲೆ ಕಲ್ಲಾಗತ್ತೆ. ಬಾಗಿಲಿಗೆ ಹಚ್ಚೋದು ಅದಕ್ಕೇ. ಒಳಗೆಲ್ಲಾ ಕಚ್ಕೊಂಡಿದೆ ನೋಡು. ಮೊದ್ಲು ಹಾರಿದ ಕಡೆ ಈಗ ಹಾರಲ್ಲ ಇದು. ಕೆಳಗೆ ಬೀಳತ್ತೆ." ಕೋವಿಯನ್ನು ನನ್ನ ಕಡೆ ಸರಿಸಿ, "ನೀನು ಕೋಲಿಗೆ ಇಟ್ಟಿದ್ದೆ. ನಂಗೆ ಗೊತ್ತು. ನಳಿಗೆ ಮೇಲಿತ್ತು."

"ಹಕ್ಕಿ ಕತ್ತು ತಿರುಚ್ತೀಯ ಅಂದ್ಕೊಂಡೆ."

"ಬಿಡೋಕ್ ಎತ್ತಿದ್ದು. ಜುಬ್ಬಾ ನೋಡ್ಲಿಲ್ವಾ? ಕತ್ತು ತಿರುಚೋನು ಬಿಳೀದು ಹಾಕ್ತಾನಾ?" ಅವನು ನಕ್ಕಂತೆ ಮಾಡಿದ. "ಹದಿನೈದ್ ದಿನ ಯೋಚ್ನೆ ಮಾಡ್ದೆ. ಮಲಗಿರೋನ್ ಮುಂದೆ ಎತ್ತಿ ತೋರ್ಸಿದ್ರೆ ಕುಣಿದ ಹಾಗಾಗತ್ತೆ. ಸುಮ್ನೆ ಬಿಟ್ರೆ ಭಿಕ್ಷೆ ಹಾಕ್ದ ಹಾಗಾಗತ್ತೆ. ದಾಳಿಂಬೆ ಬಂದ್ಮೇಲೆ ಇನ್ನು ಆಗಲ್ಲ ಅನ್ನಿಸ್ತು."

"ಅವನ್ನ ಹೇಗೆ ಹಿಡಿದೆ?"

"ಹಿಡೀಲಿಲ್ಲ. ನಿನ್ ಕೋವಿ ಢಮ್ ಅಂದಾಗೆಲ್ಲ ಎರಡೋ ಮೂರೋ ಇಲ್ಲಿ ಬೀಳ್ತಿದ್ವು. ರೆಕ್ಕೆ ನಡುಗ್ತಾ. ನಾನು ಕಾಳು ಹಾಕ್ದೆ, ಅಷ್ಟೇ. ಮೇಲ್ಹೋಗಿ ಎಣಿಸ್ಕೋ. ಅವತ್ತು ಹಾರಿದ ದಾಳಿಂಬೆನೂ ಇಲ್ಲಿಗೇ ವಾಪಸ್ ಬಂತು, ಸೇರಿ ಹದಿಮೂರಿವೆ."

ಇಪ್ಪತ್ತೆರಡರಲ್ಲಿ ಒಂಬತ್ತು ಕಳೆದರೆ ಹದಿಮೂರು.

"ಗಿಡುಗ ತಗೊಂಡಿದ್ದು ಒಂದೇ, ಮಗಾ."

ಹೊರಡುವಾಗ ವಿದಾದ್ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ ಉಳಿ ಹಿಡಿಯೋಕ್ ನೋಡಿದ್ರು ಬೆಳಿಗ್ಗೆ," ಎಂದಳು. "ಮೂರ್ ಸಲ ಬಿತ್ತು. ನಾಲ್ಕನೇ ಸಲ ನಾನೇ ಎತ್ತಿಕೊಡ್ಲಿಲ್ಲ."

ಮನೆಗೆ ಬಂದು ಈ ಪುಸ್ತಕದ ಹಿಂದಿನ ಪುಟಗಳನ್ನು ತಿರುಗಿಸಿದೆ. ಎಲ್ಲ ಅಲ್ಲೇ ಇದೆ. ನನ್ನದೇ ಅಕ್ಷರ.

ಅಕ್ಟೋಬರ್ ೨೮, ಸೋಮವಾರ

ಕೋವಿಯ ಕಬ್ಬಿಣವನ್ನು ನದಿಗೆ ಎಸೆದೆ. ಮರವನ್ನು ಎಸೆಯಲಾಗಲಿಲ್ಲ. ಕಾರ್ಖಾನೆಯ ಕಪಾಟಿನಲ್ಲಿದೆ.

ಚಿಕ್ಕಪ್ಪ ಹದಿಮೂರನ್ನೂ ಬುಟ್ಟಿಯಲ್ಲಿ ಕಳಿಸಿದ. ನಮ್ಮ ಗೂಡಲ್ಲಿ ಒಂದು ವಾರ ಕೂಡಿಹಾಕಿ, ಕಾಳು ಹಾಕಿ, ಇಂದು ಇಪ್ಪತ್ತೆರಡನ್ನೂ ಬಿಟ್ಟೆ. ಅಪ್ಪ ಕುರ್ಚಿಯಲ್ಲಿದ್ದ. ಹದಿನಾಲ್ಕು ದಿನದಿಂದ ಅವನ ಕತ್ತು ಎದ್ದಿಲ್ಲ. ಅಮ್ಮ ಚಮಚದಲ್ಲಿ ಹಾಕಿದ ನೀರನ್ನು ಗಂಟಲು ಸವರಿ ಇಳಿಸುತ್ತಾಳೆ. ಡಾಕ್ಟರು ಮೂಗಿಗೆ ನಳಿಗೆ ಹಾಕುವ ಮಾತಾಡಿದ್ದಾರೆ.

ಹಕ್ಕಿಗಳು ಎದ್ದವು. ಎರಡು ಸುತ್ತು ಹೊಡೆದವು. ನಾನು ಬಾವುಟ ಮಡಿಸಿ ಶಿಳ್ಳೆ ಹಾಕಿದೆ. ದಾಳಿಂಬೆ ನಮ್ಮ ತಾರಸಿಯ ಮೇಲೆ ತಗ್ಗಿ ಬಂದು, ನನ್ನನ್ನು ನೋಡಿ, ಓಣಿ ದಾಟಿ ಹೋಯಿತು. ಉಳಿದವೂ ಹೋದವು. ಮೊದಲಿನಿಂದ ಉಳಿದಿದ್ದ ಒಂಬತ್ತೂ.

ಖಾಲಿ ಗೂಡಿನ ಬಾಗಿಲನ್ನು ಯಾಕೆ ಹಾಕಿದೆನೋ. ಹಾಕಿದೆ.

ನವೆಂಬರ್ ೫, ಮಂಗಳವಾರ

ಹಿಂದಾವಿ ಬಂದ. ಬೆಕ್ಕಿನ ಮಾತು ಎತ್ತಲಿಲ್ಲ. "ಎಲ್ಲಿಗ್ ಹೊರ್ಬೇಕು?" ಎಂದ.

"ಎದುರು ಮನೆಗೆ."

ಕುರ್ಚಿಸಮೇತ ನಾಲ್ಕು ಮಹಡಿ ಇಳಿಸಿ, ಓಣಿ ದಾಟಿಸಿ, ನಾಲ್ಕು ಮಹಡಿ ಹತ್ತಿಸಿದೆವು. ಓಣಿಯ ಕಾರ್ಖಾನೆಗಳಲ್ಲಿ ಉಳಿಗಳ ಸದ್ದು ನಿಂತಿತು. ಚಿಕ್ಕಪ್ಪ ಮೇಲಿನ ಮೆಟ್ಟಿಲಲ್ಲಿ ಎಡಗೈ ಚಾಚಿ ಕುರ್ಚಿಯ ಕಾಲು ಹಿಡಿದ. ಅಪ್ಪನ ಪಕ್ಕ ತಾನೊಂದು ಮಣೆ ಹಾಕಿಕೊಂಡು ಕುಳಿತ. ಒಬ್ಬನ ಬಲಗೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಇನ್ನೊಬ್ಬನದು ಬಟ್ಟೆಯಲ್ಲಿತ್ತು.

"ದಸೂಕಿ," ಎಂದ ಚಿಕ್ಕಪ್ಪ. "ನಿನ್ ಕೈ ಹೋದಾಗ ಅರ್ಧ ಮಂಚ ಹೋಯ್ತು. ಈಗ ಪೂರ್ತಿ ಹೋಯ್ತು. ಇನ್ನು ಜನ ನೆಲದ್ ಮೇಲೆ ಮಲಗ್ಲಿ ಬಿಡು."

ಅಪ್ಪ ಅವನ ಕಡೆ ನೋಡಲಿಲ್ಲ. ಆದರೆ ಬಾಯಿ ಸ್ವಲ್ಪ ಸರಿಯಿತು.

ನಾನು ಗೂಡು ತೆಗೆದೆ. ಹಕ್ಕಿಗಳು ಎದ್ದು ಸುತ್ತಿದವು. ಚಿಕ್ಕಪ್ಪ ಎಡಗೈಯಲ್ಲಿ ಬಾವುಟ ಬೀಸಿದ, ಮಡಿಸಿದ, ಶಿಳ್ಳೆ ಹಾಕಿದ. ಇಳಿಯಲಿಲ್ಲ. ಮತ್ತೆ ಹಾಕಿದ. ತಗ್ಗಿ ಬರುತ್ತವೆ, ತಾರಸಿಯ ಅಂಚಿನವರೆಗೆ ಬರುತ್ತವೆ, ಮತ್ತೆ ಎದ್ದುಬಿಡುತ್ತವೆ. ಎತ್ತರಕ್ಕೆ, ಅಪ್ಪನಿಗೆ ಕಾಣದಷ್ಟು ಎತ್ತರಕ್ಕೆ.

ಚಿಕ್ಕಪ್ಪ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. "ನೀನು ಸ್ವಲ್ಪ ಕೆಳಗೆ ಹೋಗು ಮಗಾ."

ಕೈಯಲ್ಲಿ ಏನೂ ಇರಲಿಲ್ಲ. ಅವಕ್ಕೆ ಕಾಣಲೆಂದು ಕೈ ಬಿಚ್ಚಿಯೂ ತೋರಿಸಿದ್ದೆ. ಕೆಳಗೆ ಹೋದೆ.

ನವೆಂಬರ್ ೭, ಗುರುವಾರ

ಇಂದು ಕುರ್ಚಿ ಇಟ್ಟ ಕೂಡಲೇ, ಹೇಳಿಸಿಕೊಳ್ಳದೆ ಇಳಿದೆ. ಮೇಲಿನಿಂದ ಹನ್ನೊಂದನೆಯ ಮೆಟ್ಟಿಲಿನ ಮೇಲೆ ಕುಳಿತರೆ ಹಕ್ಕಿಗಳಿಗೆ ನಾನು ಕಾಣುವುದಿಲ್ಲ, ನನಗೆ ಎಲ್ಲ ಕೇಳಿಸುತ್ತದೆ. ಬಾವುಟದ ಬಟ್ಟೆ ಪಟಪಟ ಎನ್ನುವುದು. ಶಿಳ್ಳೆ. ಚಿಕ್ಕಪ್ಪ ಅಪ್ಪನಿಗೆ, "ಅಗೋ ನೋಡು, ಎಡಕ್ಕೆ. ಎಡಕ್ಕೆ ಮಾರಾಯ, ನಾನು ಯಾವತ್ತೂ ಕೆತ್ತಿದ ಕಡೆ," ಎನ್ನುವುದು.

ಆಮೇಲೆ ಅಪ್ಪನ ಧ್ವನಿ. ಇಪ್ಪತ್ತನಾಲ್ಕು ದಿನಗಳ ಮೇಲೆ.

"ಬಾ."

ಕರೆದದ್ದು ಹಕ್ಕಿಗಳನ್ನು. ಅದು ಯಾವ ಬಾ ಎಂದು ನನಗೂ ಈಗ ಗೊತ್ತಾಗುತ್ತದೆ. ಆದರೂ ಎದ್ದು ನಿಂತೆ. ಒಂದು ಮೆಟ್ಟಿಲು ಹತ್ತಿದೆ.

ಮೇಲೆ ರೆಕ್ಕೆಗಳ ಸದ್ದಾಯಿತು. ಒಂದಾದ ಮೇಲೊಂದು ಇಳಿಯುತ್ತಿದ್ದವು. ನಾನು ಹತ್ತಿದ ಮೆಟ್ಟಿಲನ್ನು ಸದ್ದಾಗದಂತೆ ಇಳಿದು ಮತ್ತೆ ಕುಳಿತೆ. ಇಪ್ಪತ್ತೆರಡರವರೆಗೆ ಎಣಿಸಿದೆ.